ನಿದ್ದೆ ಎಲ್ಲೆಲ್ಲಿ ಅಡಗಿದೆ: ಲಿನಕ್ಸ್ ಕರ್ನಲ್‌ನ ಅಸಿಂಕ್ರೊನಸ್ ಫೈಲ್ ಹಾದಿಯ ರಿಪೇರಿ

(ಉಪನ್ಯಾಸದ ಬರಹ ರೂಪ. ಸ್ಲೈಡ್‌ಗಳಲ್ಲಿದ್ದ ಕೋಡ್ ತುಣುಕುಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಲಾಗಿದೆ. ಕೊನೆಯಲ್ಲಿ ಕೆಲವು ಪ್ರಶ್ನೋತ್ತರಗಳಿವೆ.)

ಫೈಲಿಗೆ ಬರೆಯುವ ಕೆಲಸವನ್ನು ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಒಪ್ಪಿಸಬೇಕು, ಅದು ಮುಗಿಯುವ ತನಕ ಕಾಯದೆ ಪ್ರೋಗ್ರಾಂ ತನ್ನ ಪಾಡಿಗೆ ಮುಂದೆ ಹೋಗಬೇಕು. ಅಸಿಂಕ್ರೊನಸ್ ಎಂದರೆ ಇಷ್ಟೇ. ಆದರೆ ಹೀಗೆ ಒಪ್ಪಿಕೊಂಡಾಗ ಕರ್ನಲ್ ಎರಡು ಮಾತು ಕೊಟ್ಟ ಹಾಗಾಗುತ್ತದೆ. ಕೆಲಸ ತೆಗೆದುಕೊಳ್ಳುವಾಗ ನಿನ್ನನ್ನು ಮಲಗಿಸುವುದಿಲ್ಲ, ಅಂದರೆ ಓಡದಂತೆ ತಡೆದು ಕಾಯಿಸುವುದಿಲ್ಲ, ಎನ್ನುವುದು ಒಂದು. ಮುಗಿದಾಗ ತಿಳಿಸುತ್ತೇನೆ ಎನ್ನುವುದು ಇನ್ನೊಂದು. ಎರಡನೆಯ ಮಾತನ್ನು ಕರ್ನಲ್ ಬಹಳ ಕಾಲದಿಂದ ಉಳಿಸಿಕೊಂಡು ಬಂದಿದೆ. ಮೊದಲನೆಯದನ್ನು ಎಷ್ಟೋ ವರ್ಷ ಸದ್ದಿಲ್ಲದೆ ಮುರಿಯುತ್ತಲೇ ಇತ್ತು, ಕೆಲವು ಕಡೆ ಈಗಲೂ ಮುರಿಯುತ್ತದೆ. ಇವತ್ತಿನ ಮಾತೆಲ್ಲ ಆ ಮೊದಲನೆಯದರ ಮೇಲೆ.

ನೆಟ್‌ವರ್ಕ್ ಸಾಕೆಟ್‌ಗೆ ಈ ತಲೆನೋವಿಲ್ಲ. ಡೇಟಾ ಬಂದಿದೆಯೋ ಇಲ್ಲವೋ ಎಂದು ಕೇಳಬಹುದು, ಬಂದಾಗ ಓದಬಹುದು. ಮಾಮೂಲಿ ಫೈಲಿಗೆ ಆ ಪ್ರಶ್ನೆಯೇ ಅನ್ವಯಿಸುವುದಿಲ್ಲ. ಸಿದ್ಧವಿದೆಯೇ ಎಂದು ಕೇಳುವ ಪೋಲ್ ಕರೆದರೆ ಫೈಲ್ ಯಾವಾಗಲೂ ಸಿದ್ಧ ಎಂದೇ ಉತ್ತರ. ಹಲವನ್ನು ಒಟ್ಟಿಗೆ ಕಾಯುವ ಇಪೋಲ್‌ಗೆ ಸೇರಿಸಲು ಹೋದರೆ ಈಪರ್ಮ್ ('ಅನುಮತಿ ಇಲ್ಲ') ದೋಷ ಬರುತ್ತದೆ. ಫೈಲ್ ತೆರೆಯುವಾಗ ಓ_ನಾನ್‌ಬ್ಲಾಕ್ (ಕಾಯಿಸಬೇಡ) ಗುರುತು ಕೊಟ್ಟರೂ ಓದು ಬರಹದಲ್ಲಿ ಏನೂ ಬದಲಾಗುವುದಿಲ್ಲ. ಡಿಸ್ಕ್ ಎಷ್ಟು ಹೊತ್ತು ತೆಗೆದುಕೊಂಡರೂ ಅದು 'ಬ್ಲಾಕ್ ಆಗುವುದು' ಎಂಬ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಯೂನಿಕ್ಸ್‌ನ ಹಳೆಯ ತೀರ್ಮಾನ. ಅದರ ಸಾಲವನ್ನು ನಾವು ಇನ್ನೂ ತೀರಿಸುತ್ತಿದ್ದೇವೆ.

ಹಳೆಯ ಎರಡು ದಾರಿಗಳನ್ನು ಬೇಗ ನೋಡಿಬಿಡೋಣ. ಪೋಸಿಕ್ಸ್ ಎಐಓ (ಅಸಿಂಕ್ರೊನಸ್ ಐಓ, ಅಂದರೆ ಓದು ಬರಹ) ಎನ್ನುವುದು ಜಿಲಿಬ್‌ಸಿ ಎಂಬ ಸಿ ಲೈಬ್ರರಿಯಲ್ಲಿ ಯೂಸರ್ ಥ್ರೆಡ್‌ಗಳ ಮೇಲೆ ಕಟ್ಟಿದ್ದು. ಅಲ್ಲಿ ಕಾಯುವ ಕೆಲಸವನ್ನು ಬೇರೆ ಥ್ರೆಡ್ ಮಾಡುತ್ತದೆ, ಅಷ್ಟೇ. ಇನ್ನೊಂದು 2.6 ಕರ್ನಲ್‌ನೊಂದಿಗೆ ಬಂದ ಎಐಓ. ಐಓ_ಸಬ್ಮಿಟ್, ಐಓ_ಗೆಟ್‌ಈವೆಂಟ್ಸ್ ಇರುವುದು ಇದರಲ್ಲಿ. ಇದು ನಿಜಕ್ಕೂ ಕರ್ನಲ್‌ನದೇ, ಆದರೆ ಓ_ಡೈರೆಕ್ಟ್ (ಡಿಸ್ಕ್‌ನೊಡನೆ ನೇರ ವ್ಯವಹಾರ) ಗುರುತಿನ ಫೈಲ್‌ಗಳಿಗೆ ಮಾತ್ರ ಅಸಿಂಕ್ರೊನಸ್. ಪೇಜ್ ಕ್ಯಾಶ್ (ಫೈಲಿನ ಡೇಟಾವನ್ನು ಮೆಮೊರಿಯಲ್ಲಿಡುವ ಜಾಗ) ಮೂಲಕ, ಅಂದರೆ ಬಫರ್ಡ್ ಆಗಿ ಹೋಗುವ ಫೈಲ್ ಕೊಟ್ಟರೆ ಅದು ದೂರು ಹೇಳುವುದಿಲ್ಲ. ಐಓ_ಸಬ್ಮಿಟ್ ಒಳಗೇ ಪೂರ್ತಿ ಕೆಲಸ ಮುಗಿಸಿಕೊಂಡು ಬಂದು, ಅಸಿಂಕ್ರೊನಸ್ ಆಗಿ ಮಾಡಿದಂತೆ ಮುಖ ಮಾಡುತ್ತದೆ. ಜೊತೆಗೆ ಪ್ರತಿ ವಿನಂತಿಗೂ ಒಳಗೆ ಹೋಗುವಾಗ 64 ಬೈಟ್‌ನ ರಚನೆ ಮತ್ತು 8 ಬೈಟ್‌ನ ಪಾಯಿಂಟರ್, ಹೊರಗೆ ಬರುವಾಗ 32 ಬೈಟ್, ಒಟ್ಟು 104 ಬೈಟ್ ನಕಲಾಗಬೇಕು. ಸೆಕೆಂಡಿಗೆ 10 ಲಕ್ಷ ವಿನಂತಿ ಮಾಡುವವರಿಗೆ ಬರೀ ಲೆಕ್ಕಪತ್ರಕ್ಕೇ 104 ಎಂಬಿ.

2019ರಲ್ಲಿ 5.1 ಕರ್ನಲ್‌ಗೆ ಜೆನ್ಸ್ ಆಕ್ಸ್‌ಬೋ ತಂದ ಐಓ-ಯೂರಿಂಗ್ ಈ ಲೆಕ್ಕಪತ್ರದ ಸಮಸ್ಯೆಯನ್ನು ಬಗೆಹರಿಸಿತು. ಪ್ರೋಗ್ರಾಂ ಮತ್ತು ಕರ್ನಲ್ ಹಂಚಿಕೊಂಡ ಮೆಮೊರಿಯಲ್ಲಿ ಎರಡು ರಿಂಗ್‌ಗಳಿವೆ (ಸುತ್ತುವ ಸಾಲುಗಳು). ವಿನಂತಿಯ ರಿಂಗ್‌ನ ಒಂದೊಂದು ನಮೂದು 64 ಬೈಟ್. ಉತ್ತರದ ರಿಂಗ್‌ನ ಒಂದೊಂದು ನಮೂದು 16 ಬೈಟ್: 8 ಬೈಟ್ ನೀವು ಅಂಟಿಸಿದ ಗುರುತು, 4 ಬೈಟ್ ಫಲಿತಾಂಶ, 4 ಬೈಟ್ ಫ್ಲ್ಯಾಗ್. ಉತ್ತರದ ರಿಂಗ್ ಸಾಮಾನ್ಯವಾಗಿ ವಿನಂತಿಯ ರಿಂಗ್‌ಗಿಂತ ಎರಡರಷ್ಟು ದೊಡ್ಡದು. ಒಂದು ಸಿಸ್ಟಂ ಕಾಲ್‌ನಲ್ಲಿ (ಕರ್ನಲ್‌ಗೆ ಮಾಡುವ ಕರೆಯಲ್ಲಿ) ರಿಂಗ್ ಹಿಡಿಸುವಷ್ಟು ವಿನಂತಿಗಳನ್ನು ಕಳಿಸಬಹುದು. ಇಷ್ಟರ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ.

ಹೇಳಬೇಕಾದದ್ದು ಬೇರೆ ಇದೆ. ರಿಂಗ್ ಎಷ್ಟೇ ನಯವಾಗಿರಲಿ, ಒಂದು ಕಂತಿನಲ್ಲಿ 64 ವಿನಂತಿ ಕಳಿಸಿದಾಗ ಮೂರನೆಯದು ಫೈಲ್ ಸಿಸ್ಟಂನ ಯಾವುದೋ ಲಾಕ್ ಮುಂದೆ ಮಲಗಿತು ಎಂದರೆ ಅದರ ಹಿಂದೆ ನಿಂತ 61 ವಿನಂತಿಗಳು ಡಿಸ್ಕ್‌ನ ಮುಖವನ್ನೇ ನೋಡಿರುವುದಿಲ್ಲ. ಸರಾಸರಿ ವೇಗದಲ್ಲಿ ಇದು ಕಾಣಿಸುವುದಿಲ್ಲ, 99.9ನೇ ಶೇಕಡಾಂಶದ ಲೇಟೆನ್ಸಿಯಲ್ಲಿ (ಅತಿ ತಡವಾದ ಸಾವಿರಕ್ಕೊಂದರ ಕಾಯುವಿಕೆಯಲ್ಲಿ) ಎದ್ದು ಕಾಣುತ್ತದೆ. ಹಾಗಾಗಿ ಕರ್ನಲ್‌ನಲ್ಲಿ ಅಸಿಂಕ್ರೊನಸ್ ಫೈಲ್ ಕೆಲಸವನ್ನು ಸುಧಾರಿಸುವುದು ಎಂದರೆ ರಿಂಗನ್ನು ಉಜ್ಜುತ್ತ ಕೂರುವುದಲ್ಲ. ಓದು ಬರಹದ ಹಾದಿಯಲ್ಲಿ ನಿದ್ದೆಗೆ ಜಾರಬಹುದಾದ ಒಂದೊಂದು ಜಾಗವನ್ನೂ ಹುಡುಕಿ, ಅಲ್ಲಿ ಏನು ಮಾಡಬೇಕೆಂದು ತೀರ್ಮಾನಿಸುವುದು.

ನಿದ್ದೆಯ ಜಾಗ ಸಿಕ್ಕರೆ ಇರುವುದು ಮೂರೇ ದಾರಿ

ಮೊದಲನೆಯದು, ಪ್ರಯತ್ನಿಸಿ ವಾಪಸಾಗುವುದು. ವಿನಂತಿಯ ಮೇಲೆ ನೋವೇಟ್ ಎಂಬ ಗುರುತು ಇರುತ್ತದೆ. ಲಾಕ್ ಬೇಕಾದರೆ ಟ್ರೈಲಾಕ್ (ಸಿಕ್ಕರೆ ಹಿಡಿ, ಇಲ್ಲದಿದ್ದರೆ ಕಾಯಬೇಡ), ಮೆಮೊರಿ ಬೇಕಾದರೆ ಕಾಯದೆ ಕೊಡುವಷ್ಟು ಮಾತ್ರ. ಸಿಗದಿದ್ದರೆ ಈಎಗೇನ್ ('ಮತ್ತೆ ಪ್ರಯತ್ನಿಸು') ಹೇಳಿ ಹೊರಬರುವುದು. ಇದೇ ಗುರುತನ್ನು 4.13 ಕರ್ನಲ್‌ನಿಂದ ಯೂಸರ್ ಪ್ರೋಗ್ರಾಂ ಕೂಡ ಆರ್‌ಡಬ್ಲ್ಯೂಎಫ್_ನೋವೇಟ್ ಹೆಸರಿನಲ್ಲಿ ಕೊಡಬಹುದು.

ಎರಡನೆಯದು, ಎಬ್ಬಿಸುವ ವ್ಯವಸ್ಥೆ ಮಾಡಿ ಹೊರಡುವುದು. ಯಾವುದಕ್ಕಾಗಿ ಕಾಯಬೇಕೋ ಅದರ ವೇಟ್ ಕ್ಯೂನಲ್ಲಿ (ಕಾಯುವವರ ಸಾಲಿನಲ್ಲಿ) ಥ್ರೆಡ್ಡಿನ ಬದಲು ಒಂದು ಕಾಲ್‌ಬ್ಯಾಕ್ (ಆಮೇಲೆ ಕರೆಯಬೇಕಾದ ಫಂಕ್ಷನ್) ಕೂರಿಸುವುದು. ಸಿದ್ಧವಾದಾಗ ಆ ಕಾಲ್‌ಬ್ಯಾಕ್ ವಿನಂತಿಯನ್ನು ಮತ್ತೆ ಓಡಿಸುತ್ತದೆ.

ಮೂರನೆಯದು, ಮಲಗಲೇಬೇಕಾದ ಕೆಲಸವನ್ನು ಬೇರೆ ಥ್ರೆಡ್ಡಿಗೆ ದಾಟಿಸುವುದು. ಐಓ-ಯೂರಿಂಗ್‌ನಲ್ಲಿ ಇದಕ್ಕೆ ಐಓ-ಡಬ್ಲ್ಯೂಕ್ಯೂ ಎಂಬ ವರ್ಕರ್ ಗುಂಪು ಇದೆ. ಈ ವರ್ಕರ್‌ಗಳು 5.12ರಿಂದ ನಿಮ್ಮ ಪ್ರೊಸೆಸ್‌ನದೇ ಥ್ರೆಡ್‌ಗಳಾಗಿ ಹುಟ್ಟುತ್ತವೆ. ಪಟ್ಟಿಯಲ್ಲಿ ಅವುಗಳ ಹೆಸರು 'ಐಓಯು-ಡಬ್ಲ್ಯೂಆರ್‌ಕೆ' ಎಂದು ಶುರುವಾಗುತ್ತದೆ.

ಮೂರನೆಯ ದಾರಿ ಸುರಕ್ಷಿತ, ಆದರೆ ಪುಕ್ಕಟೆಯಲ್ಲ. ವರ್ಕರನ್ನು ಎಬ್ಬಿಸಬೇಕು, ಕಾಂಟೆಕ್ಸ್ಟ್ ಸ್ವಿಚ್ ಆಗಬೇಕು, ಡೇಟಾ ಇನ್ನೊಂದು ಸಿಪಿಯುನ ಕ್ಯಾಶ್‌ಗೆ ಹೋಗಬೇಕು. ಇದಕ್ಕಿಂತ ಹೆಚ್ಚು ಮುಖ್ಯವಾದ ಒಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಒಂದೇ ಫೈಲಿಗೆ ಸೇರಿದ ಬರಹಗಳನ್ನು ಐಓ-ಡಬ್ಲ್ಯೂಕ್ಯೂ ಐನೋಡ್ (ಫೈಲಿನ ಕರ್ನಲ್ ದಾಖಲೆ) ಆಧಾರದಲ್ಲಿ ಹ್ಯಾಶ್ ಮಾಡಿ, ಅಂದರೆ ಗುಂಪು ಮಾಡಿ, ಒಂದರ ಹಿಂದೆ ಒಂದರಂತೆ ಓಡಿಸುತ್ತದೆ. ಹೇಗಿದ್ದರೂ ಅವೆಲ್ಲ ಐನೋಡ್‌ನ ಒಂದೇ ಲಾಕ್‌ಗೆ ಗುದ್ದಾಡುತ್ತವೆ, ಹತ್ತು ವರ್ಕರ್‌ಗಳನ್ನು ಎಬ್ಬಿಸಿ ಒಂಬತ್ತನ್ನು ಮತ್ತೆ ಮಲಗಿಸುವುದೇಕೆ ಎಂಬುದು ಇದರ ತರ್ಕ. ಬಫರ್ಡ್ ಬರಹಕ್ಕೆ ಈ ತರ್ಕ ಸರಿ. ಆದರೆ ಎಕ್ಸ್‌ಎಫ್‌ಎಸ್, ಎಕ್ಸ್‌ಟಿ4 ತರಹದ ಫೈಲ್ ಸಿಸ್ಟಂಗಳು ಡೈರೆಕ್ಟ್ ಬರಹಗಳನ್ನು ಒಟ್ಟೊಟ್ಟಿಗೆ ನಡೆಸಬಲ್ಲವು. ಅಲ್ಲಿ ಹ್ಯಾಶ್ ಮಾಡಿದರೆ ಕ್ಯೂ ಆಳ (ಒಟ್ಟಿಗೆ ಕಳಿಸಿಟ್ಟ ವಿನಂತಿಗಳ ಸಂಖ್ಯೆ) 128 ಇಟ್ಟರೂ ವರ್ಕರ್‌ಗೆ ಹೋದ ಬರಹಗಳು ಹೊರಡುವುದು ಒಂದೊಂದಾಗಿ. ಆಮೇಲೆ ಬಂದ ತಿದ್ದುಪಡಿಯಲ್ಲಿ ಫೈಲ್ ಸಿಸ್ಟಂ 'ನನ್ನಲ್ಲಿ ಡೈರೆಕ್ಟ್ ಬರಹ ಸಮಾನಾಂತರ ನಡೆಯುತ್ತದೆ' ಎಂದು ಗುರುತು ಹಾಕಿದರೆ ಹ್ಯಾಶ್ ಬಿಟ್ಟುಬಿಡುವ ಏರ್ಪಾಡು ಸೇರಿತು. ಕೆಲವೇ ಸಾಲಿನ ಬದಲಾವಣೆ. ಈ ಕ್ಷೇತ್ರದಲ್ಲಿ ದೊಡ್ಡ ಲಾಭ ಹೆಚ್ಚಾಗಿ ಬಂದಿರುವುದು ಇಂಥ ಜಾಗಗಳಿಂದಲೇ.

ಓದು

ಬಫರ್ಡ್ ಓದಿನಲ್ಲಿ ಡೇಟಾ ಪೇಜ್ ಕ್ಯಾಶ್‌ನಲ್ಲಿದ್ದರೆ ನಕಲು ಮಾಡಿ ಮುಗಿಸಬಹುದು, ನಿದ್ದೆಯ ಮಾತೇ ಇಲ್ಲ. ಇಲ್ಲದಿದ್ದರೆ ಫೋಲಿಯೋ (ಪೇಜ್ ಕ್ಯಾಶ್‌ನ ಒಂದು ಅಥವಾ ಹಲವು ಪುಟಗಳ ತುಂಡು) ಹಂಚಿ, ಲಾಕ್ ಹಾಕಿ, ಡಿಸ್ಕ್‌ಗೆ ಓದು ಹೊರಡಿಸಿ, ಲಾಕ್ ಬಿಡುವ ತನಕ ಕಾಯಬೇಕು. ಮೊದಮೊದಲು ಐಓ-ಯೂರಿಂಗ್ ಇಂಥ ಓದನ್ನು ನೇರ ವರ್ಕರ್‌ಗೆ ದಾಟಿಸುತ್ತಿತ್ತು. 2020ರ 5.9ರಲ್ಲಿ ಎರಡನೆಯ ದಾರಿ ಬಂತು. ಫೋಲಿಯೋದ ವೇಟ್ ಕ್ಯೂನಲ್ಲಿ ಕಾಲ್‌ಬ್ಯಾಕ್ ಕೂರುತ್ತದೆ, ಡಿಸ್ಕ್‌ನಿಂದ ಡೇಟಾ ಬಂದು ಲಾಕ್ ಬಿಟ್ಟ ಕೂಡಲೇ ಮೂಲ ಥ್ರೆಡ್ಡಿನ ಟಾಸ್ಕ್-ವರ್ಕ್ ಸಾಲಿಗೆ (ಆ ಥ್ರೆಡ್ಡೇ ಕರ್ನಲ್ ಒಳಗೆ ಮಾಡಬೇಕಾದ ಕೆಲಸಗಳ ಪಟ್ಟಿಗೆ) ವಿನಂತಿ ಸೇರುತ್ತದೆ, ಅದೇ ಥ್ರೆಡ್ ಮರುಪ್ರಯತ್ನ ಮಾಡಿದಾಗ ಡೇಟಾ ಸಿದ್ಧವಾಗಿರುತ್ತದೆ. ವರ್ಕರ್ ಬೇಕಿಲ್ಲ.

ಆದರೂ ಒಂದು ಸೋರಿಕೆ ಉಳಿದಿದೆ. ಓದನ್ನು ಹೊರಡಿಸಬೇಕಾದರೆ ಫೈಲಿನ ಯಾವ ಭಾಗ ಡಿಸ್ಕ್‌ನ ಯಾವ ಬ್ಲಾಕಿನಲ್ಲಿದೆ ಎಂಬ ನಕ್ಷೆ ಬೇಕು. ಆ ನಕ್ಷೆಯೇ ಮೆಮೊರಿಯಲ್ಲಿಲ್ಲದಿದ್ದರೆ, ಉದಾಹರಣೆಗೆ ಎಕ್ಸ್‌ಟಿ4ನ ಎಕ್ಸ್‌ಟೆಂಟ್ (ಒಟ್ಟಿಗಿರುವ ಬ್ಲಾಕ್‌ಗಳ ಸಾಲು) ದಾಖಲೆಯ ಬ್ಲಾಕ್ ಕ್ಯಾಶ್‌ನಲ್ಲಿಲ್ಲದಿದ್ದರೆ, ಅದನ್ನು ಓದಲು ರೀಡ್‌ಅಹೆಡ್ (ಮುಂಚಿತವಾಗಿ ಓದಿಡುವ) ಕೋಡ್ ಅಲ್ಲೇ ಕಾಯುತ್ತದೆ. ದೊಡ್ಡದಾದ, ಚೂರುಚೂರಾಗಿ ಹರಡಿಹೋದ, ಈಗಷ್ಟೇ ತೆರೆದ ಫೈಲ್‌ಗಳಲ್ಲಿ ಮೊದಮೊದಲ ಓದುಗಳು ವಿಚಿತ್ರವಾಗಿ ತಡವಾದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ.

ಬರಹ: ಒಂದೊಂದೇ ಬಾಗಿಲು

ಓದಿನಲ್ಲಿ ಕಾಯುವ ಜಾಗ ಹೆಚ್ಚುಕಡಿಮೆ ಒಂದು. ಬಫರ್ಡ್ ಬರಹದಲ್ಲಿ ಅದು ಸಾಲಾಗಿ ನಿಂತಿದೆ. ಅದಕ್ಕೇ ಅಸಿಂಕ್ರೊನಸ್ ಬಫರ್ಡ್ ಬರಹ ಬರಲು 2022ರ 6.0 ತನಕ ಕಾಯಬೇಕಾಯಿತು. ಮೊದಲು ಎಕ್ಸ್‌ಎಫ್‌ಎಸ್‌ಗೆ, 6.1ರಲ್ಲಿ ಬಿಟಿಆರ್‌ಎಫ್‌ಎಸ್‌ಗೆ. ಎಕ್ಸ್‌ಎಫ್‌ಎಸ್‌ನ ಹಾದಿಯನ್ನು ಹಿಡಿದು ನಡೆಯೋಣ.

ಮೊದಲ ಬಾಗಿಲು ಐನೋಡ್‌ನ ಲಾಕ್. ಬಫರ್ಡ್ ಬರಹಕ್ಕೆ ಇದನ್ನು ಏಕಸ್ವಾಮ್ಯದಲ್ಲಿ ಹಿಡಿಯಬೇಕು. ನೋವೇಟ್ ಇದ್ದರೆ ಟ್ರೈಲಾಕ್, ಸಿಗದಿದ್ದರೆ ಈಎಗೇನ್. ಇದು ಸುಲಭ.

ಎರಡನೆಯದು ಬರಹದ ಮುನ್ನ ನಡೆಯುವ ತಪಾಸಣೆ. ಫೈಲಿಗೆ ಸೆಟ್‌ಯುಐಡಿ ಬಿಟ್ ಅಥವಾ ಕೇಪಬಿಲಿಟಿ ಗುಣಲಕ್ಷಣ (ಓಡಿಸುವವರಿಗೆ ಹೆಚ್ಚಿನ ಅಧಿಕಾರ ಕೊಡುವ ಗುರುತುಗಳು) ಇದ್ದರೆ ಬರೆಯುವ ಮೊದಲು ಅದನ್ನು ತೆಗೆಯಬೇಕು, ಆಮೇಲೆ ತಿದ್ದಿದ ಸಮಯವನ್ನು ನಮೂದಿಸಬೇಕು. ಎರಡಕ್ಕೂ ಜರ್ನಲ್ (ಫೈಲ್ ಸಿಸ್ಟಂ ಬದಲಾವಣೆಗಳ ದಿನಚರಿ) ಟ್ರಾನ್ಸಾಕ್ಷನ್ ಬೇಕು, ಜರ್ನಲ್‌ನಲ್ಲಿ ಜಾಗ ಇಲ್ಲದಿದ್ದರೆ ಟ್ರಾನ್ಸಾಕ್ಷನ್ ಮಲಗುತ್ತದೆ. 6.0ರ ಕೋಡ್ ಇಲ್ಲಿ ಸೀದಾ ತೀರ್ಮಾನ ಮಾಡಿತು: ನೋವೇಟ್ ಇದ್ದು ಸಮಯ ಬದಲಿಸಬೇಕಾಗಿ ಬಂದರೆ ಈಎಗೇನ್. ಹಾಗಾದರೆ ಪ್ರತಿ ಬರಹವೂ ವರ್ಕರ್‌ಗೆ ಹೋಗುವುದಿಲ್ಲವೇ? ಇಲ್ಲ. ಆಗ ಫೈಲ್ ಸಿಸ್ಟಂ ನೋಡುತ್ತಿದ್ದ ಗಡಿಯಾರ ಕರ್ನಲ್ ಟಿಕ್‌ಗೆ ಒಮ್ಮೆ ಮಾತ್ರ ಮುಂದೆ ಸರಿಯುತ್ತಿತ್ತು. ಟಿಕ್ 250 ಹರ್ಟ್ಜ್ ಇದ್ದರೆ 4 ಮಿಲಿಸೆಕೆಂಡಿಗೊಮ್ಮೆ. ಎಡೆಬಿಡದೆ ಬರೆಯುವ ಪ್ರೋಗ್ರಾಂನಲ್ಲಿ ಸಮಯದ ಕಾರಣಕ್ಕೆ ವರ್ಕರ್‌ಗೆ ದಾಟುವುದು ಒಂದು ಫೈಲಿಗೆ ಸೆಕೆಂಡಿಗೆ ಹೆಚ್ಚೆಂದರೆ 250 ಬಾರಿ. ಎರಡು ಲಕ್ಷ ಬರಹಗಳ ನಡುವೆ ಅದು ನಗಣ್ಯ. ಆದರೆ 4 ಮಿಲಿಸೆಕೆಂಡಿಗೆ ಒಂದೇ ಬರಹ ಮಾಡುವ ಪ್ರೋಗ್ರಾಂನಲ್ಲಿ ಎಲ್ಲವೂ ವರ್ಕರ್‌ಗೇ ಹೋಗುತ್ತವೆ! ಬೆಂಚ್‌ಮಾರ್ಕ್‌ನಲ್ಲಿ ಕಾಣದ್ದು ನಿಜವಾದ ಬಳಕೆಯಲ್ಲಿ ಕಾಣಿಸಿಕೊಳ್ಳುವುದು ಹೀಗೆ. ಡೈರೆಕ್ಟ್ ಬರಹವೂ ಇದೇ ತಪಾಸಣೆ ದಾಟಿಯೇ ಹೋಗಬೇಕು.

ಮೂರನೆಯದು ನಕ್ಷೆ. ಫೈಲಿನ ಎಕ್ಸ್‌ಟೆಂಟ್ ಪಟ್ಟಿ ಇನ್ನೂ ಮೆಮೊರಿಗೆ ಬಂದಿಲ್ಲದಿದ್ದರೆ ಡಿಸ್ಕ್‌ನಿಂದ ತರಬೇಕು, ಆದ್ದರಿಂದ ಈಎಗೇನ್. ಒಮ್ಮೆ ಬಂದರೆ ಐನೋಡ್ ಮೆಮೊರಿಯಲ್ಲಿರುವ ತನಕ ಇರುತ್ತದೆ.

ನಾಲ್ಕನೆಯದು ಫೋಲಿಯೋ. ಪೇಜ್ ಕ್ಯಾಶ್‌ನಲ್ಲಿ ಹೊಸ ಫೋಲಿಯೋ ಹಂಚಲು ಮೆಮೊರಿ ಬೇಕು. ಮಾಮೂಲಿ ಹಾದಿಯಲ್ಲಿ ಮೆಮೊರಿ ಇಲ್ಲದಿದ್ದರೆ ಕರ್ನಲ್ ಅಲ್ಲೇ ನಿಂತು ಹಳೆಯ ಪುಟಗಳನ್ನು ತೆರವು ಮಾಡುತ್ತದೆ. ನೋವೇಟ್ ಹಾದಿಯಲ್ಲಿ ಆ ತೆರವಿಗೆ ಕೈಹಾಕುವಂತಿಲ್ಲ. ಮೆಮೊರಿ ಬಿಗಿಯಾದ ಮೆಷಿನ್‌ನಲ್ಲಿ, ಅದರಲ್ಲೂ ಸಿಗ್ರೂಪ್ (ಪ್ರೊಸೆಸ್ ಗುಂಪಿಗೆ ಹಾಕುವ) ಮಿತಿಗೆ ತಾಗಿ ಕೂತ ಕಂಟೇನರ್‌ನಲ್ಲಿ, ಈ ಬಾಗಿಲು ಮುಚ್ಚಿಯೇ ಇರುತ್ತದೆ. ಆಗ ಅಸಿಂಕ್ರೊನಸ್ ಬರಹ ಎಂಬುದು ಒಂದು ವಿಫಲ ಪ್ರಯತ್ನ ಮತ್ತು ಒಂದು ವರ್ಕರ್, ಎರಡರ ಖರ್ಚೂ ಸೇರಿದ್ದು.

ಐದನೆಯದು ಅರೆಬರೆ ಬ್ಲಾಕ್. 4096 ಬೈಟ್‌ನ ಬ್ಲಾಕಿನಲ್ಲಿ 100 ಬೈಟ್ ಬದಲಿಸಬೇಕು, ಆ ಬ್ಲಾಕ್ ಕ್ಯಾಶ್‌ನಲ್ಲಿಲ್ಲ. ಉಳಿದ 3996 ಬೈಟನ್ನು ಮೊದಲು ಓದಿ ತರಬೇಕು. ಬರಹ ಎಂದು ಶುರುವಾದದ್ದು ಓದಾಯಿತು. ಇಲ್ಲೂ ಈಎಗೇನ್. ಇದನ್ನು ತಪ್ಪಿಸುವುದು ಪ್ರೋಗ್ರಾಂ ಬರೆಯುವವರ ಕೈಯಲ್ಲೇ ಇದೆ. ಬ್ಲಾಕ್ ಗಾತ್ರಕ್ಕೆ ಹೊಂದಿಸಿ, ಇಡೀ ಬ್ಲಾಕ್‌ಗಳನ್ನೇ ಬರೆದರೆ ಕರ್ನಲ್ ಏನನ್ನೂ ಓದಬೇಕಿಲ್ಲ.

ಆರನೆಯದು ಅತ್ಯಂತ ಕುತೂಹಲದ್ದು: ಕೊಳೆಯಾದ ಪುಟಗಳ (ಬದಲಾಗಿ ಇನ್ನೂ ಡಿಸ್ಕ್‌ಗೆ ಹೋಗದವುಗಳ) ಕಡಿವಾಣ. ಡಿಸ್ಕ್‌ಗಿಂತ ವೇಗವಾಗಿ ಬರೆಯುವವನನ್ನು ಕರ್ನಲ್ ಬೇಕೆಂದೇ ಮಲಗಿಸುತ್ತದೆ, ಒಂದು ಸಲಕ್ಕೆ 200 ಮಿಲಿಸೆಕೆಂಡಿನವರೆಗೆ. ಇದನ್ನು ಅಸಿಂಕ್ರೊನಸ್ ಬರಹಕ್ಕೆ ಬಿಟ್ಟುಬಿಡಬಾರದೇ ಎಂದು ಅನಿಸಬಹುದು. ಬಿಡುವಂತಿಲ್ಲ. ಬಿಟ್ಟರೆ ಅಸಿಂಕ್ರೊನಸ್ ಬರೆಯುವ ಒಂದೇ ಪ್ರೋಗ್ರಾಂ ಇಡೀ ಮೆಮೊರಿಯನ್ನು ಕೊಳೆಯಾದ ಪುಟಗಳಿಂದ ತುಂಬಿಸಿ, ಉಳಿದವರಿಗೆ ಉಸಿರಾಡಲು ಜಾಗ ಇಲ್ಲದಂತೆ ಮಾಡುತ್ತದೆ. ಆದ್ದರಿಂದ ಕಡಿವಾಣದ ಲೆಕ್ಕ ಹಾಕುವ ಫಂಕ್ಷನ್‌ಗೆ ಹೊಸ ಗುರುತು ಸೇರಿಸಿದರು. ಮಲಗಬೇಕಾದ ಪರಿಸ್ಥಿತಿ ಇದ್ದರೆ ಮಲಗದೆ ಈಎಗೇನ್ ಹೇಳು, ವಿನಂತಿ ವರ್ಕರ್‌ಗೆ ಹೋಗಿ ಅಲ್ಲಿ ಆ ನಿದ್ದೆ ಮಾಡಲಿ. ಮಲಗುವವನು ಬದಲಾದ, ನಿದ್ದೆ ಉಳಿಯಿತು. ಒಂದು ಫೈಲಿನ ಬರಹಗಳು ವರ್ಕರ್‌ನಲ್ಲಿ ಒಂದರ ಹಿಂದೆ ಒಂದು ಎಂದು ಆಗಲೇ ಹೇಳಿದೆನಲ್ಲ, ಆದ್ದರಿಂದ ಕಡಿವಾಣ ಬಿಗಿಯಾಗಿಯೇ ಬೀಳುತ್ತದೆ.

ಇಷ್ಟು ಬಾಗಿಲು ದಾಟಿದ ಮೇಲೂ ಒಂದು ಉಳಿಯುತ್ತದೆ. ನೀವು ಕೊಟ್ಟ ಬಫರ್ ಸ್ವಾಪ್‌ಗೆ ಹೋಗಿದ್ದರೆ, ಅಥವಾ ಅದು ಇನ್ನೊಂದು ಫೈಲಿನ ಎಂಮ್ಯಾಪ್ (ಮೆಮೊರಿಗೆ ಜೋಡಿಸಿದ ಭಾಗ) ಆಗಿದ್ದರೆ, ನಕಲು ಮಾಡುವಾಗ ಪುಟ ಮೆಮೊರಿಯಲ್ಲಿಲ್ಲದೆ ಪೇಜ್ ಫಾಲ್ಟ್ ಆಗಿ ಅಲ್ಲಿ ನಿದ್ದೆ. ಇದನ್ನು ನೋವೇಟ್ ತಡೆಯುವುದಿಲ್ಲ.

ಈಎಗೇನ್ ಹೇಳುವ ಹೊತ್ತು

ಹೊಸದಾಗಿ ನೋವೇಟ್ ಸೇರಿಸುವವರು ಎಡವುವುದು ಟ್ರೈಲಾಕ್ ಹಾಕುವುದರಲ್ಲಲ್ಲ. ವಾಪಸ್ ಬರುವುದರಲ್ಲಿ. ಈಎಗೇನ್ ಎಂದರೆ 'ಏನೂ ಆಗಿಲ್ಲ, ಮೊದಲಿನಿಂದ ಪ್ರಯತ್ನಿಸು' ಎಂದರ್ಥ. ಅರ್ಧ ಕೆಲಸ ಮಾಡಿ ಈಎಗೇನ್ ಹೇಳಿದರೆ ಅದು ಸುಳ್ಳಾಗುತ್ತದೆ. ಮೂರು ಫೋಲಿಯೋ ಬರೆದು ನಾಲ್ಕನೆಯದರಲ್ಲಿ ಸಿಕ್ಕಿಬಿದ್ದರೆ ಫೈಲ್ ಸಿಸ್ಟಂ ಈಎಗೇನ್ ಹೇಳಬಾರದು, ಮೂರು ಫೋಲಿಯೋದಷ್ಟು ಬೈಟ್ ಬರೆದೆ ಎಂದು ಹೇಳಬೇಕು. ಐಓ-ಯೂರಿಂಗ್ ಆ ಸಂಖ್ಯೆಯನ್ನು ವಿನಂತಿಯಲ್ಲಿ ಜಮಾ ಮಾಡಿ, ಉಳಿದದ್ದನ್ನು ವರ್ಕರ್‌ಗೆ ಕಳಿಸಿ, ಕೊನೆಗೆ ಎರಡನ್ನೂ ಕೂಡಿಸಿ ಒಂದೇ ಉತ್ತರ ಕೊಡುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿ. ಆದರೆ ಎರಡು ತುಂಡುಗಳ ನಡುವೆ ಐನೋಡ್ ಲಾಕ್ ಬಿಟ್ಟಿರುತ್ತದೆ, ಆ ಸಂದಿನಲ್ಲಿ ಬೇರೊಬ್ಬರ ಬರಹ ನುಸುಳಬಹುದು. ಒಂದೇ ಫೈಲಿಗೆ ಹಲವರು ಬರೆಯುತ್ತಿದ್ದು, ಒಬ್ಬೊಬ್ಬರ ಬರಹ ಅಖಂಡವಾಗಿರುತ್ತದೆ ಎಂದು ನಂಬಿಕೊಂಡಿದ್ದರೆ ಆ ನಂಬಿಕೆ ಬಿಡಿ.

ಬ್ಲಾಕ್ ಪದರದಲ್ಲಿ ಇದೇ ಕಥೆಯ ಇನ್ನೊಂದು ರೂಪ ಇದೆ. ಒಂದು ಬಯೋ (ಬ್ಲಾಕ್ ಐಓ ವಿನಂತಿ) ರಚನೆಯಲ್ಲಿ ಹೆಚ್ಚೆಂದರೆ 256 ತುಂಡುಗಳು ಹಿಡಿಯುತ್ತವೆ. 4 ಕೆಬಿ ಪುಟಗಳು ಮೆಮೊರಿಯಲ್ಲಿ ಅಲ್ಲಲ್ಲಿ ಚದುರಿದ್ದರೆ ಅದು 1 ಎಂಬಿ. ಅದಕ್ಕಿಂತ ದೊಡ್ಡ ಡೈರೆಕ್ಟ್ ವಿನಂತಿ ಹಲವು ಬಯೋಗಳಾಗುತ್ತದೆ. ಮೊದಲ ಬಯೋ ಡಿಸ್ಕ್‌ಗೆ ಹೋಗಿ, ಎರಡನೆಯದಕ್ಕೆ ಡಿಸ್ಕ್ ಕ್ಯೂನಲ್ಲಿ ಟ್ಯಾಗ್ (ಖಾಲಿ ಸ್ಥಾನ) ಸಿಗದೆ ಈಎಗೇನ್ ಬಂದರೆ ಏನು ಹೇಳುವುದು? ಮೊದಲನೆಯದನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ. ಬ್ಲಾಕ್ ಡಿವೈಸ್ ಕೋಡ್ ಈಗ ಅನುಸರಿಸುವ ಉಪಾಯ ಒರಟು, ಆದರೆ ಸರಿಯಾದದ್ದು. ನೋವೇಟ್ ಇದ್ದು, ಇಡೀ ವಿನಂತಿ ಒಂದೇ ಬಯೋದಲ್ಲಿ ಹಿಡಿಸದಿದ್ದರೆ ಏನನ್ನೂ ಕಳಿಸುವ ಮೊದಲೇ ಈಎಗೇನ್. ಆದ್ದರಿಂದ 'ದೊಡ್ಡ ವಿನಂತಿ ಕಳಿಸಿದರೆ ಒಳ್ಳೆಯದು' ಎಂದು 4 ಎಂಬಿಯ ತುಂಡುಗಳನ್ನು ಕಳಿಸುವವರು ತಮಗೆ ಗೊತ್ತಿಲ್ಲದೆ ಎಲ್ಲವನ್ನೂ ವರ್ಕರ್ ಮೂಲಕ ಹಾಯಿಸುತ್ತಿರಬಹುದು.

ಡೈರೆಕ್ಟ್ ಬರಹ ಮತ್ತು ಮುಗಿಯುವ ಹಾದಿ

ಡೈರೆಕ್ಟ್ ಬರಹಕ್ಕೆ ಪೇಜ್ ಕ್ಯಾಶ್‌ನ ಬಾಗಿಲುಗಳಿಲ್ಲ. ಆದರೆ ಅದೇ ಫೈಲಿನ ಅದೇ ಭಾಗವನ್ನು ಬೇರೆ ಯಾರೋ ಬಫರ್ಡ್ ಆಗಿ ಬಳಸುತ್ತಿದ್ದರೆ ಕ್ಯಾಶ್ ತೆರವು ಮಾಡಬೇಕಾಗಿ ಬಂದು ಈಎಗೇನ್ ಬರುತ್ತದೆ. ಬ್ಯಾಕಪ್ ಪ್ರೋಗ್ರಾಂ ಓಡುವಾಗ ಡೇಟಾಬೇಸ್ ನಿಧಾನವಾಗಲು ಇದೂ ಒಂದು ಕಾರಣ. ಫೈಲಿನ ಉದ್ದ ಹೆಚ್ಚಿಸುವ ಬರಹಕ್ಕೆ ಲಾಕ್ ಏಕಸ್ವಾಮ್ಯದಲ್ಲಿ ಬೇಕು. ಈಗಾಗಲೇ ಇರುವ, ಹೊಂದಿಸಿದ ಬ್ಲಾಕ್‌ಗಳ ಮೇಲೆ ಬರೆದರೆ ಹಂಚಿಕೊಂಡ ಲಾಕ್ ಸಾಕು. ಹೊಂದಿಕೆ ಎಷ್ಟಿರಬೇಕೆಂದು 6.1ರಿಂದ ಸ್ಟಾಟ್‌ಎಕ್ಸ್ ಕರೆಯ ಡಿಐಓಅಲೈನ್ ಭಾಗ ಹೇಳುತ್ತದೆ. 512 ಅಥವಾ 4096 ಎಂದು ಊಹಿಸಿ ಕೋಡ್‌ನಲ್ಲಿ ಕೆತ್ತುವ ಕಾಲ ಮುಗಿಯಿತು.

ಹಾಗಾದರೆ ಫ್ಯಾಲೊಕೇಟ್ ಮಾಡಿ ಮೊದಲೇ ಜಾಗ ಕಾಯ್ದಿರಿಸಿದರೆ ಸಾಕಲ್ಲ? ಅರ್ಧ ಮಾತ್ರ ಸಾಕು. ಫ್ಯಾಲೊಕೇಟ್ ಕೊಡುವುದು 'ಇನ್ನೂ ಬರೆದಿಲ್ಲ' ಎಂದು ಗುರುತಿಟ್ಟ ಎಕ್ಸ್‌ಟೆಂಟ್. ಅದರ ಮೇಲೆ ಮೊದಲ ಸಲ ಬರೆದಾಗ, ಡೇಟಾ ಡಿಸ್ಕ್ ತಲುಪಿದ ಮೇಲೆ ಆ ಗುರುತು ಬದಲಿಸಲು ಜರ್ನಲ್ ಟ್ರಾನ್ಸಾಕ್ಷನ್ ಬೇಕು. ಡಿಸ್ಕ್ ಇಂಟರಪ್ಟ್ ಒಳಗೆ ಮಲಗುವಂತಿಲ್ಲ, ಆದ್ದರಿಂದ ಆ ಕೆಲಸ ಕರ್ನಲ್ ವರ್ಕ್‌ಕ್ಯೂಗೆ ಹೋಗುತ್ತದೆ. ಲೇಟೆನ್ಸಿ ಹಿಂದಿನ ಬಾಗಿಲಿನಿಂದ ಒಳಗೆ ಬಂತು. ಡೇಟಾಬೇಸ್‌ನ ಲಾಗ್ ಫೈಲ್ ತರಹದ್ದಕ್ಕೆ ಸರಿಯಾದ ಕ್ರಮ ಹೀಗೆ: ಫ್ಯಾಲೊಕೇಟ್ ಮಾಡಿ, ಇಡೀ ಫೈಲಿಗೆ ಒಮ್ಮೆ ಸೊನ್ನೆಗಳನ್ನು ನಿಜವಾಗಿ ಬರೆದು, ಎಫ್‌ಸಿಂಕ್ ಮಾಡಿ (ಡಿಸ್ಕ್‌ನಲ್ಲಿ ಗಟ್ಟಿಯಾಗಿಸಿ), ಆಮೇಲೆ ಅದೇ ಫೈಲನ್ನು ಮರುಬಳಕೆ ಮಾಡಿ. ಆಗ ಪ್ರತಿ ಬರಹವೂ ಬರೀ ಮೇಲ್ಬರಹ. ಇದಕ್ಕೆ ಡಿಸಿಂಕ್ (ಡೇಟಾ ಗಟ್ಟಿಯಾದ ಮೇಲೆಯೇ ಉತ್ತರ) ಗುರುತು ಸೇರಿಸಿದರೆ, ಡಿಸ್ಕ್‌ಗೆ ಎಫ್‌ಯುಎ (ತನ್ನ ಕ್ಯಾಶ್ ದಾಟಿ ಬರೆಯುವ) ಬರಹ ಬರುವುದಾದರೆ, ಪ್ರತ್ಯೇಕ ಕ್ಯಾಶ್ ಫ್ಲಶ್ ಇಲ್ಲದೆಯೇ ಡೇಟಾ ಗಟ್ಟಿಯಾಗುತ್ತದೆ. 4.18ರಿಂದ ಈ ಸೌಲಭ್ಯ ಇದೆ. ಒಂದು ಎಚ್ಚರಿಕೆ: ಬಿಟಿಆರ್‌ಎಫ್‌ಎಸ್ ತರಹ ಪ್ರತಿ ಸಲವೂ ಹೊಸ ಜಾಗಕ್ಕೆ ಬರೆಯುವ ಫೈಲ್ ಸಿಸ್ಟಂನಲ್ಲಿ ಈ ಉಪಾಯಕ್ಕೆ ಅರ್ಥವಿಲ್ಲ.

ಮುಗಿಯುವ ಹಾದಿಯಲ್ಲಿ 6.6ರಲ್ಲಿ ಒಂದು ಒಳ್ಳೆಯ ಸುಧಾರಣೆ ಬಂತು. ಅಲ್ಲಿಯ ತನಕ ಮೇಲ್ಬರಹವೂ ಮುಗಿಯಲು ವರ್ಕ್‌ಕ್ಯೂಗೆ ಹೋಗಿ ಬರುತ್ತಿತ್ತು. 6.6ರಲ್ಲಿ ಐಓ-ಯೂರಿಂಗ್ 'ಉಳಿದ ಕೆಲಸ ನಾನೇ ನನ್ನ ಟಾಸ್ಕ್-ವರ್ಕ್‌ನಲ್ಲಿ ಮಾಡುತ್ತೇನೆ' ಎಂದು ಫೈಲ್ ಸಿಸ್ಟಂಗೆ ಮೊದಲೇ ಹೇಳುವಂತಾಯಿತು. ಹೇಗಿದ್ದರೂ ಉತ್ತರ ಆ ಥ್ರೆಡ್ಡಿಗೇ ಬರಬೇಕಲ್ಲ, ನಡುವೆ ಇನ್ನೊಬ್ಬನೇಕೆ. ಆದರೆ ಥ್ರೆಡ್ ತನ್ನನ್ನೇ ಕಾಯುತ್ತ ಸಿಕ್ಕಿಬೀಳುವ ಅಪಾಯ ಕಂಡು ಆ ಏರ್ಪಾಡನ್ನು ಆಮೇಲೆ ನಿಲ್ಲಿಸಿದರು. ಉತ್ತರ ತಲುಪಿಸುವ ಟಾಸ್ಕ್-ವರ್ಕ್ ಯಾವಾಗ ಓಡಬೇಕು ಎಂಬುದು ಮಾತ್ರ ನಿಮ್ಮ ಕೈಯಲ್ಲಿದೆ. ಸುಮ್ಮನಿದ್ದರೆ ಕರ್ನಲ್ ಓಡುತ್ತಿರುವ ಥ್ರೆಡ್ಡಿಗೆ ಅಡ್ಡಬಂದು ಅದನ್ನು ಮಾಡಿಸುತ್ತದೆ. ಒಂದೇ ಥ್ರೆಡ್ ರಿಂಗ್ ಬಳಸುವುದಾದರೆ ಸಿಂಗಲ್ ಇಶ್ಯೂಯರ್ ಮತ್ತು 6.1ರ ಡಿಫರ್ ಟಾಸ್ಕ್‌ರನ್, ಈ ಎರಡು ಗುರುತುಗಳನ್ನು ಜೊತೆಯಾಗಿ ಕೊಡಿ. ಆಗ ನೀವು ಉತ್ತರಕ್ಕಾಗಿ ಕೇಳಿದಾಗ ಮಾತ್ರ ಅದು ಓಡುತ್ತದೆ. ಇದರ ಬೆಲೆ ಏನೆಂದರೆ, ಕೇಳುವುದನ್ನು ಮರೆತು ಬರೀ ರಿಂಗನ್ನು ಇಣುಕಿ ನೋಡುತ್ತ ಕೂತರೆ ಉತ್ತರ ಎಂದೂ ಬರುವುದಿಲ್ಲ.

ಎಫ್‌ಸಿಂಕ್, ಫೈಲ್ ತೆರೆಯುವುದು, ಅಳಿಸುವುದು, ಹೆಸರು ಬದಲಿಸುವುದು: ಇವೆಲ್ಲ ಇನ್ನೂ ಬಹುಪಾಲು ಮೂರನೆಯ ದಾರಿಯವು. ತೆರೆಯುವುದರಲ್ಲಿ ಮಾತ್ರ 5.12ರಲ್ಲಿ ಸ್ವಲ್ಪ ದಾರಿ ತೆರೆಯಿತು. ಹಾದಿಯ ಹೆಸರುಗಳೆಲ್ಲ ಡೆಂಟ್ರಿ ಕ್ಯಾಶ್‌ನಲ್ಲೇ (ಫೈಲ್ ಹೆಸರುಗಳ ಕ್ಯಾಶ್‌ನಲ್ಲೇ) ಸಿಕ್ಕಿದರೆ ಅಲ್ಲೇ ತೆರೆಯುತ್ತದೆ, ಇಲ್ಲದಿದ್ದರೆ ವರ್ಕರ್. ಹೊಸ ಫೈಲ್ ಸೃಷ್ಟಿಸುವುದಾದರೆ ಆ ಪ್ರಯತ್ನವನ್ನೂ ಮಾಡುವುದಿಲ್ಲ. ಬರಹ ಮತ್ತು ಎಫ್‌ಸಿಂಕ್ ಎರಡನ್ನೂ ಲಿಂಕ್ ಮಾಡಿ ಕಳಿಸುವವರು ಒಂದು ತಿಳಿದಿರಬೇಕು: ಬರಹ ಕೇಳಿದ್ದಕ್ಕಿಂತ ಕಡಿಮೆ ಬೈಟ್ ಬರೆದರೆ ಸರಪಳಿ ಅಲ್ಲೇ ಕಡಿಯುತ್ತದೆ, ಎಫ್‌ಸಿಂಕ್ ಈಕ್ಯಾನ್ಸಲ್ಡ್ ಆಗಿ ಬರುತ್ತದೆ. ಅದೇ ಸರಿ ಕೂಡ.

ಅಳೆಯುವುದು ಹೇಗೆ

ಕೇಳಬೇಕಾದ ಪ್ರಶ್ನೆ ಎರಡೇ. ಎಷ್ಟು ವಿನಂತಿ ವರ್ಕರ್‌ಗೆ ದಾಟಿದವು? ದಾಟದೆ, ಈಎಗೇನ್ ಹೇಳದೆ, ಕಳ್ಳತನದಲ್ಲಿ ಎಷ್ಟು ಮಲಗಿದವು? ಮೊದಲನೆಯದಕ್ಕೆ ಐಓ-ಯೂರಿಂಗ್‌ನ 'ಕ್ಯೂ ಅಸಿಂಕ್ ವರ್ಕ್' ಟ್ರೇಸ್‌ಪಾಯಿಂಟ್ (ಕರ್ನಲ್ ಕೋಡ್‌ನಲ್ಲಿಟ್ಟ ವೀಕ್ಷಣೆಯ ಗುರುತು) ಇದೆ. ಪರ್ಫ್ ಅಥವಾ ಬಿಪಿಎಫ್‌ಟ್ರೇಸ್ ಎಂಬ ಅಳತೆಯ ಸಾಧನದಿಂದ ಅದನ್ನು ಎಣಿಸಿ, ಒಟ್ಟು ವಿನಂತಿಗಳಿಂದ ಭಾಗಿಸಿ. ಎರಡನೆಯದಕ್ಕೆ ಶೆಡ್ಯೂಲರ್‌ನ ಸ್ವಿಚ್ ಟ್ರೇಸ್‌ಪಾಯಿಂಟ್ ಹಿಡಿದು, ನಿಮ್ಮ ಥ್ರೆಡ್ ಡಿ ಸ್ಥಿತಿಗೆ (ಸಿಗ್ನಲ್‌ನಿಂದಲೂ ಎಬ್ಬಿಸಲಾಗದ ನಿದ್ದೆಗೆ) ಹೋದಾಗಲೆಲ್ಲ ಕರ್ನಲ್ ಸ್ಟ್ಯಾಕ್ ಸಂಗ್ರಹಿಸಿ. ಆ ಸ್ಟ್ಯಾಕ್‌ನಲ್ಲಿ ಐಓ_ಯೂರಿಂಗ್_ಎಂಟರ್ ಕೆಳಗೆ ಫೈಲ್ ಸಿಸ್ಟಂನ ಹೆಸರು ಕಂಡರೆ ಕಳ್ಳ ಸಿಕ್ಕ. ಖಾಲಿ ಮೆಷಿನ್‌ನಲ್ಲಿ ಅಳೆದರೆ ಏನೂ ಸಿಗುವುದಿಲ್ಲ. ಕ್ಯಾಶ್ ಬರಿದು ಮಾಡಿ, ಸಿಗ್ರೂಪ್‌ನಲ್ಲಿ ಮೆಮೊರಿ ಬಿಗಿಮಾಡಿ, ಪಕ್ಕದಲ್ಲಿ ಅದೇ ಫೈಲನ್ನು ಬಫರ್ಡ್ ಆಗಿ ಓದುವ ಇನ್ನೊಂದು ಕೆಲಸ ಇಟ್ಟು, ಡಿಸ್ಕ್ ಕ್ಯೂ ತುಂಬುವಷ್ಟು ಹೊರೆ ಹಾಕಿ ಅಳೆಯಬೇಕು.

ಫೈಲ್ ಸಿಸ್ಟಂ ಬರೆಯುವವರಿಗೆ ಒಂದೇ ಮಾತು. ನೋವೇಟ್ ಬೆಂಬಲ ಇದೆ ಎಂಬ ಗುರುತನ್ನು ಫೈಲಿನ ಮೇಲೆ ಹಾಕುವ ಮೊದಲು ಹಾದಿಯ ಪ್ರತಿ ಲಾಕ್, ಪ್ರತಿ ಮೆಮೊರಿ ಹಂಚಿಕೆ, ಪ್ರತಿ ಮೆಟಾಡೇಟಾ ಓದನ್ನು ಪಟ್ಟಿ ಮಾಡಿ. ಗುರುತು ಹಾಕದೆ ಬಿಟ್ಟರೆ ಎಲ್ಲವೂ ವರ್ಕರ್‌ಗೆ ಹೋಗುತ್ತದೆ, ನಿಧಾನ ಅಷ್ಟೇ. ಗುರುತು ಹಾಕಿ ಒಳಗೆ ಮಲಗಿದರೆ ಇಡೀ ರಿಂಗ್ ನಿಲ್ಲುತ್ತದೆ, ಯಾರಿಗೂ ಕಾರಣ ಗೊತ್ತಾಗುವುದಿಲ್ಲ.

ಪ್ರಶ್ನೋತ್ತರ

ಪ್ರಶ್ನೆ: ಎಸ್‌ಕ್ಯೂಪೋಲ್ ಹಾಕಿದರೆ ಈ ತೊಂದರೆ ಯಾವುದೂ ಇರುವುದಿಲ್ಲವಲ್ಲ?
ಇರುತ್ತದೆ. ಎಸ್‌ಕ್ಯೂಪೋಲ್‌ನಲ್ಲಿ ಕರ್ನಲ್ ಥ್ರೆಡ್ ಒಂದು ನಿಮ್ಮ ಪರವಾಗಿ ವಿನಂತಿಗಳನ್ನು ಎತ್ತಿಕೊಳ್ಳುತ್ತದೆ, ಸಿಸ್ಟಂ ಕಾಲ್‌ನ ಖರ್ಚು ತಪ್ಪುತ್ತದೆ. ಫೈಲ್ ಸಿಸ್ಟಂ ಒಳಗೆ ನಿದ್ದೆ ಬಂದರೆ ಮಲಗುವುದು ಆ ಥ್ರೆಡ್. ನಿಮ್ಮ ಪ್ರೋಗ್ರಾಂ ಎಚ್ಚರವಾಗಿಯೇ ಇರುತ್ತದೆ, ಆದರೆ ವಿನಂತಿಗಳು ಹೊರಡುವುದಿಲ್ಲ. ಹಲವು ರಿಂಗ್‌ಗಳು ಒಂದೇ ಎಸ್‌ಕ್ಯೂ ಥ್ರೆಡ್ ಹಂಚಿಕೊಂಡಿದ್ದರೆ ಒಂದು ನಿಧಾನ ಫೈಲ್ ಎಲ್ಲ ರಿಂಗ್‌ಗಳನ್ನೂ ಹಿಡಿದಿಡುತ್ತದೆ.

ಪ್ರಶ್ನೆ: ಅಸಿಂಕ್ ಗುರುತು ಹಾಕಿ ಎಲ್ಲವನ್ನೂ ನಾವೇ ವರ್ಕರ್‌ಗೆ ಕಳಿಸಿಬಿಟ್ಟರೆ?
ವಿನಂತಿ ಮಲಗುವುದು ಖಚಿತ ಎಂದು ಮೊದಲೇ ಗೊತ್ತಿದ್ದರೆ ಹಾಗೆ ಮಾಡಿ, ಒಂದು ವ್ಯರ್ಥ ಪ್ರಯತ್ನ ತಪ್ಪುತ್ತದೆ. ಒಂದೇ ಬಯೋದಲ್ಲಿ ಹಿಡಿಸದ ದೊಡ್ಡ ಡೈರೆಕ್ಟ್ ವಿನಂತಿಗೂ ಇದು ಸರಿ. ಎಲ್ಲದಕ್ಕೂ ಹಾಕಿದರೆ ಕ್ಯಾಶ್‌ನಲ್ಲಿದ್ದ ಓದೂ ಥ್ರೆಡ್ ದಾಟಬೇಕಾಗುತ್ತದೆ. ಹಾಗೇನಾದರೂ ಮಾಡುವುದಾದರೆ 5.15ರಿಂದ ಇರುವ ವರ್ಕರ್ ಮಿತಿಯ ರಿಜಿಸ್ಟರ್ ಕರೆಯಲ್ಲಿ ಬೌಂಡೆಡ್ (ಮಿತ ಸಮಯದಲ್ಲಿ ಮುಗಿಯುವ ಕೆಲಸ), ಅನ್‌ಬೌಂಡೆಡ್ (ಎಷ್ಟು ಹೊತ್ತಾದೀತೋ ಗೊತ್ತಿಲ್ಲದ ಕೆಲಸ) ಎರಡೂ ಸಂಖ್ಯೆಗಳನ್ನು ನೀವೇ ಕೊಡಿ. ಮಾಮೂಲಿ ಫೈಲ್‌ಗಳಿಗೆ ಲಾಗುವಾಗುವುದು ಬೌಂಡೆಡ್.

ಪ್ರಶ್ನೆ: ಐಓ-ಯೂರಿಂಗ್ ಇಲ್ಲದ ಕಡೆ ಏನು ಮಾಡುವುದು?
ಇದು ಅಪರೂಪದ ಪ್ರಶ್ನೆಯಲ್ಲ. ಭದ್ರತೆಯ ಕಾರಣಕ್ಕೆ ಕಂಟೇನರ್‌ಗಳ ಸೆಕ್‌ಕಾಂಪ್ (ಸಿಸ್ಟಂ ಕಾಲ್ ತಡೆಯುವ) ಪಟ್ಟಿಗಳಲ್ಲಿ ಇದನ್ನು ತಡೆದಿರುವುದುಂಟು. 6.6ರಿಂದ ಇಡೀ ಸಿಸ್ಟಂಗೆ ಇದನ್ನು ಬಂದ್ ಮಾಡುವ ಸಿಸ್‌ಕಂಟ್ರೋಲ್ (ಕರ್ನಲ್ ಸೆಟ್ಟಿಂಗ್) ಇದೆ: ಸೊನ್ನೆ ಎಂದರೆ ಎಲ್ಲರಿಗೂ ತೆರೆದಿದೆ, 1 ಎಂದರೆ ವಿಶೇಷಾಧಿಕಾರ ಅಥವಾ ಗೊತ್ತುಮಾಡಿದ ಗುಂಪು ಇದ್ದವರಿಗೆ ಮಾತ್ರ, 2 ಎಂದರೆ ಯಾರಿಗೂ ಇಲ್ಲ. ಪ್ರೋಗ್ರಾಂ ಶುರುವಾಗುವಾಗ ಸೆಟಪ್ ಕರೆದು ನೋಡಿ. ಈನೋಸಿಸ್ ('ಅಂಥ ಕರೆ ಇಲ್ಲ') ಅಥವಾ ಈಪರ್ಮ್ ಬಂದರೆ ಥ್ರೆಡ್ ಪೂಲ್‌ಗೆ ಇಳಿಯಿರಿ. ಅಲ್ಲೂ ನೋವೇಟ್ ಓದನ್ನು ಮೊದಲು ಮುಖ್ಯ ಥ್ರೆಡ್ಡಿನಲ್ಲೇ ಪ್ರಯತ್ನಿಸಿ, ಈಎಗೇನ್ ಬಂದದ್ದನ್ನು ಮಾತ್ರ ಪೂಲ್‌ಗೆ ಕಳಿಸಿ. ಹೆಚ್ಚಿನ ಓದು ಕ್ಯಾಶ್‌ನಲ್ಲೇ ಸಿಗುವ ಕೆಲಸಕ್ಕೆ ಇಷ್ಟು ಏರ್ಪಾಡೇ ಸಾಕಾಗುತ್ತದೆ.